ಸಂಡೂರಿನ ತಿರುವಿನಲ್ಲಿ ಒಂದು ಸಮಾಧಿ

ಹೊಸಪೇಟೆಯಿಂದ ಸಂಡೂರಿಗೆ ಆಗ ಬಸ್ ಚಾರ್ಜು ಹದಿನೈದು ರೂಪಾಯಿಯೋ ಹದಿನೆಂಟೋ, ಖಚಿತವಿಲ್ಲ. ಅಂದು ಸೋಮವಾರ ಎಂದು ಬರೆಯಹೊರಟಿದ್ದೆ. ಆದರೆ ಸೋಮವಾರ ಸಮಾಧಿ ಮುಟ್ಟಲು ಮಾಮ ಒಪ್ಪುತ್ತಿರಲಿಲ್ಲ, ಹಾಗಾಗಿ ಅದೂ ತಪ್ಪಿರಬೇಕು. ಹೋದದ್ದೇಕೆ ಎಂಬುದು ಮಾತ್ರ ಮರೆತಿಲ್ಲ. ಸಂಡೂರಿನ ಹೊರಗಿದ್ದ ಹೊಲದಿಂದ ಅಜ್ಜಿಯ ಅಸ್ಥಿಯನ್ನೂ, ಹೂಳುವಾಗ ಅವಳ ಅಂಗೈಯಲ್ಲಿಟ್ಟಿದ್ದ ಇಷ್ಟಲಿಂಗವನ್ನೂ ತೆಗೆದು ಕಂಪ್ಲಿಗೆ ಒಯ್ಯಬೇಕಿತ್ತು.

ಹೊಲ ಮಾಮನದು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪನಿಯಲ್ಲಿ ನನಗೆ ಕೆಲಸ. ಯಂತ್ರದ ಒಂದೊಂದು ರೆಕ್ಕೆಯೂ ಮೂರು ಬಸ್ಸುಗಳಷ್ಟು ಉದ್ದ. ಅದನ್ನು ಹೊತ್ತ ಟ್ರೇಲರ್ ತಿರುಗಲು ಹೊಲದ ಮೂಲೆ ಬೇಕಿತ್ತು. ಸಮಾಧಿ ಇದ್ದದ್ದು ಆ ಮೂಲೆಯಲ್ಲೇ. "ಹೊಗೆ ಇಲ್ಲದ ಕರೆಂಟು, ಮಾಮಾ" ಎಂದು ಹೇಳಿ ಒಪ್ಪಿಸಿದವಳು ನಾನು. ಅಗೆತ ಶುರುವಾಗುವ ಹಿಂದಿನ ದಿನ ಬಂದು ಅಸ್ಥಿ ತೆಗೆಯುವುದೆಂದು ಮಾತಾಗಿತ್ತು.

ಧಾರವಾಡದಿಂದ ಬಂದು ಬೆಳಿಗ್ಗೆ ಹೊಸಪೇಟೆಯಲ್ಲಿ ರೈಲಿಳಿದೆ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಮಾಮ ಬಸ್ ನಿಲ್ದಾಣದಲ್ಲಿ ಕಾದಿದ್ದರು. ಕೈಚೀಲದಲ್ಲಿ ಬಿಳಿ ಬಟ್ಟೆ, ವಿಭೂತಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. "ಹೊಟ್ಟಿ ತುಂಬ ತಿನ್ನವಾ. ಮುಂದ ಧೂಳು ಬಿಟ್ರ ಏನೂ ಸಿಗಂಗಿಲ್ಲ" ಎಂದರು.

ಮೂವತ್ತು ಕಿಲೋಮೀಟರಿನಷ್ಟು ದಾರಿಗೆ ನಾಲ್ಕು ತಾಸು ಹಿಡಿಯಿತು. ಮುಂದೆಯೂ ಹಿಂದೆಯೂ ಅದಿರಿನ ಲಾರಿಗಳು. ಮರ, ಮನೆ, ಎಮ್ಮೆ ಎಲ್ಲ ಕೆಂಪು. ಹಿಂದಿನ ಸೀಟಿನ ಮುದುಕಿ, "ಬಿಳಿ ಸೀರಿ ಉಟ್ಟು ಹತ್ತೀನಿ, ಸಂಡೂರು ಮುಟ್ಟೂದ್ರಾಗ ಮದುವಿ ಹೆಣ್ಣಾಗ್ತೀನಿ ನೋಡ್ರಿ!" ಎಂದಾಗ ಬಸ್ಸೆಲ್ಲ ನಕ್ಕಿತು.

ಹೊಲ ಮುಟ್ಟಿದಾಗ ಮೂಲೆ ಇರಲಿಲ್ಲ. ಬದುವಿನ ಪಕ್ಕ ಹೊಸ ಮಣ್ಣಿನ ಗುಡ್ಡೆ. ಜೇಸಿಬಿಯ ನೆರಳಲ್ಲಿ ಅದರ ಚಾಲಕ ಬುತ್ತಿ ಬಿಚ್ಚಿದ್ದ.

"ಕೆಲಸ ನಾಳೆ ಅಲ್ಲೇನಪಾ?" ಮಾಮ ಕೇಳಿದರು.

"ನಾಳೆ ಮಷೀನು ಮೈನ್ಸಿಗೆ ಬೇಕಂತ್ರಿ ಕಾಕಾ. ಅದಕ್ಕ ಇವತ್ತ ಮುಗಿಸಿದೆ."

"ಸಮಾಧಿ ಕಾಣಲಿಲ್ಲೇನು?"

"ನಕ್ಷಾದಾಗ ಕಲ್ಲುಗುಂಪು ಅಂತ ಬರದಿತ್ರಿ." ಅವನ ತುತ್ತು ಕೈಯಲ್ಲೇ ಉಳಿಯಿತು. "ಖರೇನ ಗೊತ್ತಿರಲಿಲ್ರಿ."

ಆ ನಕ್ಷೆ ನನ್ನ ಮೇಜಿಗೆ ಬಂದಿತ್ತು. ಆ ಪದ ಓದಿದ್ದೆ. ತಿದ್ದಬೇಕೆಂದು ಆಗಲೇ ಅನ್ನಿಸಿತ್ತೋ, ಈಗ ಬರೆಯುವಾಗ ಅನ್ನಿಸುತ್ತಿದೆಯೋ, ಹೇಳಲಾರೆ.

"ಇಷ್ಟಾಗಿ ಫ್ಯಾನಿನ ಕಂಬಾನ ಬಂದಿಲ್ರಿ. ಉಕ್ಕು ಸಿಗವಲ್ದಂತ" ಎಂದ ಚಾಲಕ. ಕಂಬಕ್ಕೆ ಬೇಕಾದ ದಪ್ಪ ತಗಡಿಗಾಗಿ ಕಂಪನಿ ತಿಂಗಳುಗಟ್ಟಲೆ ಕಾಯುತ್ತಿದ್ದುದು ನನಗೆ ಗೊತ್ತಿತ್ತು. ಅವನ ಬೆನ್ನ ಹಿಂದೆ, ಬಂದರಿಗೆ ಹೊರಟ ಅದಿರಿನ ಲಾರಿಗಳು ಹೊಸ ತಿರುವಿನಲ್ಲಿ ಆರಾಮವಾಗಿ ಹೊರಳುತ್ತಿದ್ದವು.

ಮಾಮ ಗುಡ್ಡೆಯ ಮುಂದೆ ಕೂತು ಮಣ್ಣು ಕೆದಕತೊಡಗಿದರು. ಎಲುಬಿನ ಕೆಲವು ಚೂರು ಸಿಕ್ಕವು; ಬಟ್ಟೆಯಲ್ಲಿಟ್ಟೆವು. ಲಿಂಗ ಸಿಗಲಿಲ್ಲ. ಆ ಹೊಲದ ಮಣ್ಣಲ್ಲೂ ಅದಿರಿನ ಹರಳುಗಳಿದ್ದವು, ಕಪ್ಪಗೆ, ನುಣ್ಣಗೆ, ಗೋಲಿಯಷ್ಟು. ಲಿಂಗವೂ ಕಪ್ಪು, ಹೆಚ್ಚುಕಡಿಮೆ ಅಷ್ಟೇ ಗಾತ್ರ. ಒಂದೊಂದನ್ನೂ ಪಂಚೆಗೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿ ಎಸೆಯುತ್ತಿದ್ದರು. ಚಾಲಕನೂ ಬಂದು ಕೂತ.

"ಇದೇನ್ರಿ ಕಾಕಾ?"

"ಅಲ್ಲಪಾ."

"ಇದು?"

"ಅಲ್ಲ."

ಹೊತ್ತು ಇಳಿಯುವಾಗ ಮಾಮ ಒಂದನ್ನು ಒರೆಸಿದರು. ಬಿಸಿಲಿಗೆ ಹಿಡಿಯಲಿಲ್ಲ. ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿ, ಬಟ್ಟೆಯಲ್ಲಿಟ್ಟು ಗಂಟು ಹಾಕಿದರು. "ನಡಿ, ಬಸ್ ತಪ್ಪತೈತಿ."

ರಾತ್ರಿ ಹೊಸಪೇಟೆಯಲ್ಲಿ ಕಂಪ್ಲಿಯ ಬಸ್ಸು ಸಿಕ್ಕಿತು. ಹಂಪಿಯ ಕಡೆ ಹೋಗುವ ಪ್ರವಾಸಿಗಳಿಬ್ಬರು ಕಮಲಾಪುರದಲ್ಲಿ ಇಳಿದರು. ಬಸ್ಸಿನ ದೀಪಕ್ಕೆ ಕಂಡ ಅಲ್ಲಿಯ ಬಾಳೆ ಹಸಿರಾಗಿಯೇ ಇತ್ತು. ಗಂಟು ಮಾಮನ ತೊಡೆಯ ಮೇಲಿತ್ತು. ನಾನು ಹಿಡಿದುಕೊಳ್ಳುತ್ತೇನೆಂದರೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಕಂಪ್ಲಿಯ ಹೊಳೆದಂಡೆಯಲ್ಲಿ ಸಣ್ಣ ಗುಣಿ ತೋಡಿಸಿದೆವು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗುಣಿಗೆ ವಿಭೂತಿ ಹಾಕಿ, "ಲಿಂಗ ಐತೇನು?" ಎಂದು ಕೇಳಿದರು.

"ಐತ್ರಿ" ಎಂದರು ಮಾಮ.

ಮಣ್ಣು ಮುಚ್ಚಿ ಅಯ್ಯನವರು ಹೋದ ಮೇಲೆ ಕೇಳಿದೆ: "ಮಾಮಾ, ಅದು ಖರೇನ ಅಜ್ಜಿ ಲಿಂಗಾನ?"

ಮಾಮ ಕೈ ತೊಳೆಯಲು ಹೊಳೆಗಿಳಿದರು.