ನಲವತ್ತರಲ್ಲಿ ಇಪ್ಪತ್ನಾಲ್ಕನೆಯದು

ಬೆಳಗಿನ ಆರು ಗಂಟೆ. ಅಚ್ಚುಮನೆಯ ಉದ್ದನೆಯ ಮೇಜಿನ ಮೇಲೆ ನಲವತ್ತು ಚಿತ್ರಗಳು ಸಾಲಾಗಿ ಮಲಗಿವೆ. ಎಲ್ಲವೂ ಒಂದೇ ಮರದ ಅಚ್ಚಿನಿಂದ ಕೈಯಲ್ಲೇ ಒತ್ತಿ ತೆಗೆದವು. ಇಲ್ಲಿ ಹಾಳೆಗಳಿಗೆ ಸಂಖ್ಯೆ ಹಾಕುವ ನಂಬರ್ ಅಕ್ಕ ಉಸಿರು ಬಿಗಿಹಿಡಿದು ಕೊನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ 40/40 ಎಂದು ಬರೆಯುತ್ತಾರೆ. ಇನ್ನು ಒಂದೊಂದನ್ನೇ ಮಗುಚಿ, ಬೆನ್ನಿಗೆ ಚೀಟಿ ಅಂಟಿಸಿ, ಮೊಹರು ಒತ್ತಬೇಕು. ಒಂಬತ್ತಕ್ಕೆ ಕಲಾವಿದೆ ಸಹಿ ಹಾಕಲು ಬರುತ್ತಾರೆ.

ತಮ್ಮ ಸ್ವಂತ ಅಕ್ಕನ ಬಾಣಂತನಕ್ಕೆಂದು, ಈ ಅಚ್ಚುಮನೆ ನಡೆಸುವ ಭಾವನ ಮನೆಗೆ ಬಂದವರು ಇವರು. ಇಪ್ಪತ್ತೆರಡು ವರ್ಷವಾಯಿತು, ಇಲ್ಲೇ ಇದ್ದಾರೆ. "ಭಾವನ ಅಕ್ಷರ ಕೋಳಿ ಕೆದಕಿದ ಹಾಗೆ. ಅದಕ್ಕೇ ಪೆನ್ಸಿಲ್ ನನ್ನ ಕೈಗೆ ಬಂತು" ಎಂದು ನಗುತ್ತಾರೆ. ದಿನಕ್ಕೆ ಅರವತ್ತು ಹಾಳೆ. ಸಂಜೆ ಹೊತ್ತಿಗೆ ಕತ್ತು ತಿರುಗುವುದಿಲ್ಲ.

"ಇಷ್ಟು ವರ್ಷದಲ್ಲಿ ತಪ್ಪೇ ಆಗಿಲ್ವಾ ಅಕ್ಕ?" ಎಂದು, ಅವರ ಕೆಲಸ ನೋಡಿ ಬರೆಯಲು ಬಂದಿರುವ ನಾನು ಕೇಳುತ್ತೇನೆ. ನನ್ನ ಹಾಳು ಬಾಯಿ! ಉತ್ತರ ಹೇಳಲು ಅವರು ತಲೆಯೆತ್ತುತ್ತಾರೆ. ಮೊಹರಿನ ಮಸಿ ಹತ್ತಿದ ಹೆಬ್ಬೆರಳು ಇಪ್ಪತ್ನಾಲ್ಕನೆಯ ಚಿತ್ರದ ಬಿಳಿ ಅಂಚಿನ ಮೇಲೆ ಕೂತುಬಿಡುತ್ತದೆ.

"ಅಯ್ಯೋ, ಕೆಟ್ಟೆ!"

ಉಜ್ಜಿದರೆ ಕಾಗದದ ನಾರು ಏಳುತ್ತದೆ. ಹೊಸದೊಂದು ಒತ್ತೋಣವೆಂದರೆ, ನಲವತ್ತಕ್ಕಿಂತ ಹೆಚ್ಚು ಹುಟ್ಟದಿರಲೆಂದು ಭಾವ ನಿನ್ನೆಯೇ ಅಚ್ಚಿಗೆ ಅಡ್ಡಗೀರು ಕೆತ್ತಿಯಾಗಿದೆ.

ಭಾವ ಓಡಿ ಬರುತ್ತಾರೆ. ದನಿ ತಗ್ಗಿಸುತ್ತಾರೆ. "ನೋಡಮ್ಮ, ಪರೀಕ್ಷೆಗೆ ಅಂತ ಒತ್ತಿದ್ದು ಒಂದು ಒಳಗಿದೆ. ಬಣ್ಣ ಒಂಚೂರು ತೆಳು, ಅಷ್ಟೇ. ಅದರ ಮೇಲೆ ಇಪ್ಪತ್ನಾಲ್ಕು ಅಂತ ಬರೆದ್ಬಿಡು. ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ ಭಾವ."

ಭಾವನ ಭಯವೂ ಸುಳ್ಳಲ್ಲ. ಈ ಅಚ್ಚುಮನೆಗೆ ಅರ್ಧ ಕೆಲಸ ಬರುವುದು ಈ ಕಲಾವಿದೆಯಿಂದಲೇ. ಒಂದು ನಂಬರ್ ಹೆಚ್ಚುಕಮ್ಮಿಯಾಯಿತೆಂದು ತಾವು ಮೊದಲು ಹೋಗುತ್ತಿದ್ದ ಅಚ್ಚುಮನೆಯ ಹೊಸ್ತಿಲನ್ನು ಮತ್ತೆ ತುಳಿಯದವರು ಅವರು. ನಂಬರ್ ಅಕ್ಕನ ಚಹಾ ಆರಿಹೋಗುತ್ತದೆ. ಗಡಿಯಾರ ನೋಡುತ್ತಾರೆ, ಬಾಗಿಲು ನೋಡುತ್ತಾರೆ, ಮತ್ತೆ ಗಡಿಯಾರ. ನನಗಂತೂ ಅವರ ಮುಖ ನೋಡಲು ಆಗುತ್ತಿಲ್ಲ.

ಕಲಾವಿದೆ ಬರುತ್ತಾರೆ. ಕೂರುವ ಮೊದಲೇ ನಂಬರ್ ಅಕ್ಕ ಆ ಹಾಳೆಯನ್ನು ಮುಂದಿಡುತ್ತಾರೆ.

"ಮೇಡಂ, ಇದು ನನ್ನ ಹೆಬ್ಬೆರಳು. ನಿಮ್ಮೆದುರಿಗೇ ಹರಿದು ಹಾಕ್ತೀನಿ."

ಕಲಾವಿದೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡುತ್ತಾರೆ. ಭಾವ ಗೋಡೆಯತ್ತ ತಿರುಗಿಬಿಟ್ಟಿದ್ದಾರೆ.

"ಹರೀರಿ" ಎನ್ನುತ್ತಾರೆ ಕೊನೆಗೆ. "ಇಪ್ಪತ್ನಾಲ್ಕು ಇಲ್ಲ ಅಂತ ದಾಖಲೆ ಪುಸ್ತಕದಲ್ಲಿ ಬರೀರಿ. ಯಾಕೆ ಅಂತಾನೂ ಬರೀರಿ. ಕೆಳಗೆ ನೀವೇ ಸಹಿ ಹಾಕಿ."

ಉಳಿದವಕ್ಕೆ ತಮ್ಮ ಸಹಿ ಹಾಕಿ ಅವರು ಹೊರಡುತ್ತಾರೆ. ಮುಂದಿನ ಕೆಲಸದ ಮಾತೇ ಎತ್ತುವುದಿಲ್ಲ. ಭಾವ ಬಾಗಿಲವರೆಗೂ ಹಿಂದೆಯೇ ಹೋಗಿ ಬರಿಗೈಯಲ್ಲಿ ವಾಪಸಾಗುತ್ತಾರೆ.

ನಂಬರ್ ಅಕ್ಕ ದಾಖಲೆ ಪುಸ್ತಕವನ್ನು ನನ್ನತ್ತ ತಿರುಗಿಸುತ್ತಾರೆ. "ಇಷ್ಟು ವರ್ಷಕ್ಕೆ ಇಲ್ಲಿ ನನ್ನ ಸಹಿ ಬಿದ್ದಿದ್ದು ಇದೇ ಮೊದಲು ನೋಡಿ. ಅದೂ ತಪ್ಪಿನ ಕೆಳಗೆ." ನಗಲು ಹೋಗುತ್ತಾರೆ, ಆಗುವುದಿಲ್ಲ.

"ಇನ್ನು ಅವರು ಬರ್ತಾರೋ ಇಲ್ವೋ, ಗೊತ್ತಿಲ್ಲ. ಆದ್ರೆ ಈ ಮೂವತ್ತೊಂಬತ್ತನ್ನ ಯಾರು ಬೇಕಾದ್ರೂ ಕಣ್ಮುಚ್ಚಿ ನಂಬಬಹುದು."