ಅಂಗಳದಡಿಯ ವಯರೂ ನ್ಯಾನೊಸೆಕೆಂಡಿನ ಸೊಸೆಯೂ

ಕಂಪ್ಯೂಟರಿನ ತೆರೆಯ ಮೇಲೆ ಬರಿಯ ನಕ್ಷೆಯಾಗಿ ಬದುಕುವ ಟ್ರಾನ್ಸಿಸ್ಟರೆಂಬ ಪುಟ್ಟ ಸ್ವಿಚ್ಚಿನಷ್ಟು ಸುಸಂಸ್ಕೃತ ಜೀವಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದು ಬಿಸಿಯಾಗುವುದಿಲ್ಲ, ಸುಡುವುದಿಲ್ಲ, ಕಾಲು ಮುರಿದುಕೊಳ್ಳುವುದಿಲ್ಲ. ಒಂದು ನ್ಯಾನೊಸೆಕೆಂಡಿನಲ್ಲಿ, ಎಂದರೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಲ್ಲಿ, ತೆರೆದುಕೋ ಎಂದರೆ ಚಕಾರವೆತ್ತದೆ ತೆರೆದುಕೊಳ್ಳುತ್ತದೆ. ಮಿಜಾರಿನ ಕಾಲೇಜೊಂದರಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುವ ನಾನು ಈ ವಿಧೇಯತೆಗೆ ಮರುಳಾಗಿ ಕಳೆದ ಬೇಸಗೆಯಲ್ಲಿ ಮನೆಮಂದಿಯಿಂದ ಹತ್ತು ದಿನ ಬಾವಿಯ ನೀರು ಸೇದಿಸಿದೆ.

ಲಾಯಿಲದ ನಮ್ಮ ಮನೆಯ ಪಂಪು ಒಂದು ಬೆಳಿಗ್ಗೆ ಮೌನ ತಾಳಿತು. ಇಲೆಕ್ಟ್ರಿಷಿಯನ್ ಸುಂದರಣ್ಣ ಬಂದು, ಪಂಪಿನಲ್ಲಿ ದೋಷವಿಲ್ಲ, ಮನೆಯಿಂದ ಬಾವಿಗೆ ಅಂಗಳದಡಿಯಲ್ಲಿ ಹೂತಿಟ್ಟ ವಯರು ಎಲ್ಲೋ ತುಂಡಾಗಿದೆ ಎಂದು ತೀರ್ಪಿತ್ತರು.

"ಎಲ್ಲಿ ಅಂತ ಹೇಗೆ ಗೊತ್ತಾಗ್ತದೆ ಟೀಚರ್? ಅಂಗಳ ಪೂರ್ತಿ ಅಗೆಯುವ."

ಆ ಅಂಗಳಕ್ಕೆ ಅತ್ತೆ ಹಿಂದಿನ ವರ್ಷವಷ್ಟೇ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದರು. ಅವರ ಮುಖ ಕಂಡು ನಾನು ಧೀರೋದಾತ್ತಳಾಗಿ, ಅಗೆಯುವುದು ಬೇಡ, ತುಂಡಾದ ಜಾಗವನ್ನು ನಾನೇ ತೋರಿಸುತ್ತೇನೆ ಎಂದುಬಿಟ್ಟೆ. ತತ್ಕಾಲಕ್ಕೆ ಮೇಲಿಂದ ಒಂದು ವಯರು ಎಳೆಯುವ ಎಂಬ ಸುಂದರಣ್ಣನ ಸಲಹೆಯನ್ನೂ ತಳ್ಳಿಹಾಕಿದೆ. ಎರಡು ದಿನದ ಮಾತಲ್ಲವೇ?

ತತ್ತ್ವ ಸರಳ. ಬಾವಿಯೊಳಗೆ ಕೂಗಿದರೆ ಪ್ರತಿಧ್ವನಿ ಬರುವಂತೆ, ವಯರಿಗೆ ಚುರುಕಾದ ವಿದ್ಯುತ್ತಿನ ತಟ್ಟು ಕೊಟ್ಟರೆ ಅದು ತುಂಡಾದಲ್ಲಿಂದ ಮರಳಿ ಬರುತ್ತದೆ. ಹೋಗಿ ಬಂದ ಸಮಯದಿಂದ ದೂರ ತಿಳಿಯುತ್ತದೆ. ಆ ತಟ್ಟು ಕೊಡಲು ಎರಡು ವೇಗದ ಟ್ರಾನ್ಸಿಸ್ಟರುಗಳ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ರಚಿಸಿ ಓಡಿಸಿದಾಗ ತೆರೆಯ ಮೇಲೆ ಮೂಡಿದ ತಟ್ಟಿನ ಗೆರೆ ಎಷ್ಟು ನೆಟ್ಟಗೆ ಎದ್ದು ನಿಂತಿತ್ತೆಂದರೆ, ಗಂಡನನ್ನು ಕರೆದು ತೋರಿಸಿದೆ. ಅವರು ಕೊಡಪಾನ ಹಿಡಿದುಕೊಂಡೇ ನೋಡಿದರು.

ಬಿಡಿಭಾಗ ತರಲು ಬಂಟ್ವಾಳದ ಅಂಗಡಿಯೊಂದಕ್ಕೆ ಹೋದೆ.

"ನೀವು ಹೇಳಿದ ನಂಬರ್ ಇಲ್ಲ ಮೇಡಂ, ಇದು ಉಂಟು. ಕೆಲಸ ಅದೇ," ಎಂದರು ಅಂಗಡಿಯವರು.

"ಇದು ನಿಧಾನದ್ದಲ್ಲವಾ?"

"ಎಂತ ನಿಧಾನ? ರೇಡಿಯೋಕ್ಕೆ ಎಲ್ಲರೂ ಇದನ್ನೇ ಹಾಕುದು. ಲೇಟಾಯ್ತು ಅಂತ ಇಷ್ಟರವರೆಗೆ ಒಬ್ಬರೂ ವಾಪಸ್ ಬರ್ಲಿಲ್ಲ."

ನಾನು ಮೊದಲಿಗಳಾದೆ. ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪನ್ನು ಕಾಲೇಜಿನಿಂದ ಕೇಳಿ ತಂದು ನೋಡಿದರೆ, ಅಂಗಡಿಯ ಟ್ರಾನ್ಸಿಸ್ಟರಿನಿಂದ ಹೊರಟ ತಟ್ಟು ಊಟ ಮುಗಿಸಿ ಏಳುವವರಂತೆ ಮೆಲ್ಲಗೆ ಏಳುತ್ತಿತ್ತು. ಟ್ರಾನ್ಸಿಸ್ಟರಿಗೆ ವೇಗ ಬರಲಿಲ್ಲ, ನನಗೆ ಉದ್ವೇಗ ಬಂತು. ಅಂಚೆಯಲ್ಲಿ ವೇಗದವನ್ನು ತರಿಸಿದೆ. ಅವು ಏಳುವುದೇನೋ ಎದ್ದವು, ಆದರೆ ನಿಲ್ಲದೆ ನಡುಗತೊಡಗಿದವು. ಬಿಡಿಭಾಗಗಳ ತಂತಿಕಾಲು ಉದ್ದವಾದರೆ ನಡುಕ, ಗಿಡ್ಡಗೆ ಕತ್ತರಿಸಿದರೆ ಬೆಸುಗೆಯ ಕಾವಿಗೆ ಮರಣ. ಕಂಪ್ಯೂಟರಿನಲ್ಲಿ ಯಾವ ಭಾಗಕ್ಕೂ ಕಾಲೇ ಇರಲಿಲ್ಲವೆಂಬುದು ಆಗ ನನಗೆ ಹೊಳೆಯಿತು. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಟ್ರಾನ್ಸಿಸ್ಟರುಗಳು ಹುತಾತ್ಮವಾದವು.

ನನ್ನ ತುಳು ಕೇಳಿದರೆ ನಗು ಬರುತ್ತದೆಂದು ಅತ್ತೆ ನನ್ನೊಡನೆ ಕನ್ನಡದಲ್ಲೇ ಮಾತಾಡುವುದು. ಎಂಟನೆಯ ದಿನ ಕೇಳಿದರು: "ಕಂಪ್ಯೂಟರಿನಲ್ಲಿ ಎಲ್ಲ ಸರಿ ಉಂಟಲ್ಲ? ಹಾಗಾದರೆ ನೀರು ಸಹ ಅದರಲ್ಲೇ ಬಿಡು."

ಹತ್ತನೆಯ ದಿನ, ತಾಮ್ರದ ತಗಡಿನ ಮೇಲೆ ಎಲ್ಲವನ್ನೂ ಗಿಡ್ಡ ಕಾಲುಗಳಲ್ಲಿ ಬೆಸೆದು, ಆಸಿಲೋಸ್ಕೋಪಿನಲ್ಲಿ ನೋಡಿದರೆ, ಪ್ರತಿಧ್ವನಿ! ಲೆಕ್ಕ ಹಾಕಿ, ಟೇಪು ಹಿಡಿದು, ಮನೆಯ ಗೋಡೆಯಿಂದ ಹನ್ನೆರಡು ಮೀಟರ್ ದೂರದಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಸುಂದರಣ್ಣ ಕಲ್ಲುಗಳನ್ನೆಬ್ಬಿಸಿ ಅಗೆದರು. ವಯರು ಹೊಸತರಂತೆ ನುಣ್ಣಗೆ, ಅಖಂಡವಾಗಿ ಮಲಗಿತ್ತು.

ಸುಂದರಣ್ಣ ಪಿಕಾಸಿಗೆ ಒರಗಿ ನಿಂತು, ಮರ್ಯಾದೆಯಿಂದಲೇ, "ಇನ್ನು ಪೂರ್ತಿ ತೆಗೆಯುವ ಅಲ್ವಾ?" ಎಂದರು. ನಾನು ಟೇಪು ಸುತ್ತತೊಡಗಿದೆ. ಹೂಂ ಎನ್ನುವುದೊಂದೇ ಬಾಕಿ.

"ನಿಲ್ಲು ಸುಂದರ," ಎಂದರು ಅತ್ತೆ. "ಎಲ್ಲಿ ತಪ್ಪಿತು ಅಂತ ಅವಳು ನೋಡ್ಲಿ. ಹತ್ತು ದಿನ ಕಾದವರಿಗೆ ಇನ್ನು ಅರ್ಧ ಗಂಟೆ ಹೆಚ್ಚಾ? ಅವಳು ಸುಮ್ಮನೆ ಹೇಳುವವಳಲ್ಲ."

ಎಂಟನೆಯ ದಿನದ ಮಾತಿಗೆ ಸಿದ್ಧಪಡಿಸಿಟ್ಟಿದ್ದ ಪ್ರತ್ಯುತ್ತರಗಳೆಲ್ಲ ನನ್ನೊಳಗೇ ಕರಗಿದವು. ಮತ್ತೆ ಲೆಕ್ಕದ ಹಾಳೆ ತೆರೆದೆ. ತಪ್ಪು ಎರಡನೆಯ ಸಾಲಿನಲ್ಲೇ ಕುಳಿತಿತ್ತು: ವಯರಿನೊಳಗೆ ತಟ್ಟು ಓಡುವ ವೇಗವನ್ನು ನಾನು ಟಿ.ವಿ. ಕೇಬಲಿನದ್ದೆಂದು ಹಿಡಿದಿದ್ದೆ. ಈ ವಯರಿನ ವೇಗ ಬೇರೆ.

"ಇದೇ ವಯರಿನ ಒಂದು ತುಂಡು ಸಿಕ್ಕಿದ್ದರೆ ಅಳೆಯಬಹುದಿತ್ತು ಅತ್ತೆ."

ಅವರು ಹಿತ್ತಿಲಿಗೆ ನಡೆದರು. ಒಗೆದು ಹರವಿದ್ದ ಬಟ್ಟೆಗಳನ್ನೆಲ್ಲ ಬಕೆಟಿಗೆ ತುಂಬಿ, ಅವು ನೇತಾಡುತ್ತಿದ್ದ ಬಳ್ಳಿಯನ್ನೇ ಬಿಚ್ಚಿ ಸುರುಳಿ ಸುತ್ತಿಕೊಂಡು ಬಂದರು. "ಪಂಪಿಗೆ ಹಾಕಿ ಉಳಿದದ್ದು ಇದು. ಬಟ್ಟೆ ಒಣಗಿಸ್ಲಿಕ್ಕೆ ಕಟ್ಟಿದ್ದೆ."

ಅದರ ಉದ್ದವನ್ನು ಟೇಪಿನಲ್ಲಿ ಅಳೆದು, ಅದರಲ್ಲಿ ತಟ್ಟು ಹೋಗಿ ಬರುವ ಸಮಯ ನೋಡಿದೆವು. ತಟ್ಟು ನಾನೆಣಿಸಿದ್ದಕ್ಕಿಂತ ನಿಧಾನವಾಗಿ ಓಡುತ್ತಿತ್ತು. ಸೀಮೆಸುಣ್ಣದ ಗುರುತು ಮನೆಯ ಕಡೆಗೆ ಒಂದೂವರೆ ಮೀಟರ್ ಸರಿಯಿತು. ಸುಂದರಣ್ಣ ಅಲ್ಲಿ ಅಗೆದಾಗ ಚೂಪುಗಲ್ಲೊಂದರ ಕೆಳಗೆ ವಯರು ಹಸಿರುಗಟ್ಟಿ ಕಡಿದುಹೋಗಿತ್ತು. "ಅರೆ ಟೀಚರ್, ಇಲ್ಲೇ ಉಂಟಲ್ಲ ಮಾರಾಯ್ರೆ!" ಎಂದು ಅವರು ಕೂಗಿದ ದನಿಯನ್ನು ಯಾವ ಪ್ರಶಸ್ತಿಪತ್ರಕ್ಕೂ ನಾನು ಬಿಟ್ಟುಕೊಡಲಾರೆ.

ಸಂಜೆ ನಳ್ಳಿಯಲ್ಲಿ ನೀರು ಬಂತು. ನಾನು ಕಂಪ್ಯೂಟರಿನೊಳಗಿನ ಆ ಸುಸಂಸ್ಕೃತ ಜೀವಿಗಳ ಮುಂದೆ ಕುಳಿತು ವೇಗದ ಅಂಕಿಯನ್ನು ತಿದ್ದುತ್ತಿರುವಾಗ ಅತ್ತೆ ಬಾಗಿಲಲ್ಲಿ ನಿಂತರು.

"ನನ್ನ ವಯರ್ ಎಲ್ಲಿ? ಬಟ್ಟೆ ಬಕೆಟಿನಲ್ಲೇ ಉಂಟು."

ಹಿತ್ತಿಲಲ್ಲಿ ಆ ತುದಿಯನ್ನು ಅವರು, ಈ ತುದಿಯನ್ನು ನಾನು ಕಟ್ಟಿದೆವು. ನನ್ನ ಗಂಟು ಸಡಿಲವೆಂದು ಅವರು ಬಂದು ಬಿಚ್ಚಿ ಮತ್ತೆ ಕಟ್ಟಿದರು.