ಆಂಟೆನಾ ತಿರುಗಿಸುವಾಗ ಬಂದವನು

ಮೀನಾಕ್ಷಮ್ಮನಿಗೆ ಒಂದು ಸಂಗತಿ ಗೊತ್ತಿಲ್ಲ ಎಂದಾದರೆ, ಅದು ಗೊತ್ತಾಗುವ ತನಕ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತ ಬಸುರಿಗೆ ಎಷ್ಟು ತಿಂಗಳು, ಕಂಡಕ್ಟರ್ ಕೈಗೆ ಪಟ್ಟಿ ಯಾಕೆ, ಎದುರು ಮನೆ ಮುಂದೆ ನಿಂತ ಕಾರು ಯಾರದು, ಎಲ್ಲವೂ ಬೇಕು. "ನಿಂಗ್ಯಾಕಮ್ಮ ಊರ ಉಸಾಬರಿ?" ಎಂದು ಮಗ ಹೊನ್ನೇಶ ಗದರಿದರೆ, "ಉಸಾಬರಿ ಅಲ್ಲ ಕಣೋ, ಸುಮ್ನೆ ಕೇಳ್ದೆ" ಅನ್ನುತ್ತಾಳೆ. ಹಾಗೆ ಸುಮ್ಮನೆ ಕೇಳುತ್ತ ಕೇಳುತ್ತಲೇ ಆಕೆಗೆ ಎಪ್ಪತ್ತು ಹತ್ತಿರವಾಗಿದೆ.

ಇಂಥವಳಿಗೂ ಗೊತ್ತಾಗದೆ ಉಳಿದ ಸಂಗತಿ ಒಂದಿತ್ತು. ಬಹಳ ಹಿಂದೆ ಟೀವಿಯಲ್ಲಿ ನೋಡಿದ ಒಂದು ಇಂಗ್ಲಿಷ್ ಸಿನಿಮಾದಲ್ಲಿ, ಕೊನೆಗೆ ಬಾಗಿಲು ತಟ್ಟಿ ಒಳಗೆ ಬಂದವನ ಮುಖ ಹೇಗಿತ್ತು? ನಗುತ್ತಿದ್ದನೋ, ಅಳುತ್ತಿದ್ದನೋ, ತಲೆ ತಗ್ಗಿಸಿದ್ದನೋ?

ಆಗ ಮೀನಾಕ್ಷಮ್ಮ ಅಜ್ಜಂಪುರದ ಸೊಸೆ. ಮಗಳು ಬೃಂದಾ ಮಡಿಲ ಕೂಸು, ಹೊನ್ನೇಶ ಇನ್ನೂ ಹುಟ್ಟಿರಲಿಲ್ಲ. ಬೀದಿಗೆಲ್ಲ ಇದ್ದದ್ದು ಒಂದೇ ಟೀವಿ, ಸೈಕಲ್ ಶಾಪಿನ ಹುಸೇನ್ ಸಾಬರ ಮನೆಯದು. ಕಪ್ಪು ಬಿಳುಪಿನದು, ಅದಕ್ಕೊಂದು ಮರದ ಬಾಗಿಲು ಬೇರೆ. ಸಂಜೆಯಾದರೆ ಸಾಬರ ನಡುಮನೆ ತುಂಬಿ ಹೊಸಿಲಾಚೆಗೂ ಜನ. ಇಂಗ್ಲಿಷ್ ಕಾರ್ಯಕ್ರಮ ಬಂದರೂ ಯಾರೂ ಏಳುತ್ತಿರಲಿಲ್ಲ, ಯಾಕೆಂದರೆ ಸಾಬರು ಟೀವಿ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಅರ್ಥ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಯಾವುದೋ ಎಸ್ಟೇಟಿನ ದೊರೆಯ ಹತ್ತಿರ ಇದ್ದರಂತೆ, ಇಂಗ್ಲಿಷ್ ನೀರು ಕುಡಿದಂತೆ ಅಂತೆ. ಬೀದಿಯವರು ನಂಬಿದ್ದರು. ನಂಬದೆ ಏನು ಮಾಡುವುದು, ಟೀವಿ ಅವರದು!

ಆ ಕ್ರಿಸ್‌ಮಸ್ ಸಂಜೆ ಬಂದ ಸಿನಿಮಾ ಹೀಗಿತ್ತು, ಅಂದರೆ ಸಾಬರು ಹೇಳಿದ್ದು ಹೀಗೆ. ಹಿಮ ಬೀಳುವ ಊರು, ಮರದ ದೊಡ್ಡ ಮನೆ, ಮೆಟ್ಟಿಲ ಕೆಳಗೊಂದು ಮುದಿ ನಾಯಿ. ಮುದುಕಿ ತಾಯಿ ಹಬ್ಬಕ್ಕೆ ಮಕ್ಕಳನ್ನೆಲ್ಲ ಕರೆಸಿದ್ದಾಳೆ. ಒಬ್ಬೊಬ್ಬರೇ ಬಂದು ಕೋಟು ಕೊಡವಿ, ತಬ್ಬಿಕೊಂಡು, ತಮ್ಮ ಹಳೇ ಕೋಣೆಗಳನ್ನು ಇಣುಕಿ ನೋಡುತ್ತಿದ್ದಾರೆ. ದೊಡ್ಡ ಮಗ ಮಾತ್ರ ಬಂದಿಲ್ಲ, ಗೋಡೆಯ ಫೋಟೋದಲ್ಲಷ್ಟೇ ಇದ್ದಾನೆ. "ತಂಗಿ ಜೊತೆ ಜಗಳ ಆಡ್ಕೊಂಡು ಹೋದೋನು ಇವ್ನು" ಎಂದರು ಸಾಬರು. ಊಟದ ಮೇಜಿನ ಮೇಲೆ ಅವನ ತಟ್ಟೆ ಬರಿದಾಗಿ ಕೂತಿದೆ.

ಆ ಮಾತು ಮೀನಾಕ್ಷಮ್ಮನಿಗೆ ಚುಚ್ಚಿತು. ಯಾಕೆಂದರೆ ಅಣ್ಣ ರಂಗಪ್ಪ ಆ ಹೊತ್ತು ಅದೇ ಮನೆಯ ತಾರಸಿ ಮೇಲೆ ನಿಂತಿದ್ದ.

ಗೌರಿ ಹಬ್ಬಕ್ಕೆ ತವರಿನ ಬಾಗಿನದ ಮೊರವನ್ನು ಅಣ್ಣನಾದವನು ತಾನೇ ತಂದುಕೊಡಬೇಕು. ಒಂದು ವರ್ಷ ರಂಗಪ್ಪ ಅಂತರಘಟ್ಟೆಯಿಂದ ತಾನು ಬರದೆ ಮೊರವನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸಿದ. ಕೆಲಸವಿತ್ತಂತೆ. ಮೀನಾಕ್ಷಮ್ಮನಿಗೆ ಉರಿದುಹೋಯಿತು. ಸಂಜೆ ಅದೇ ಬಸ್ಸು ಹಿಂತಿರುಗುವಾಗ ಮೊರ ಬಿಚ್ಚದೆ ಅದೇ ಡ್ರೈವರ್ ಪಕ್ಕ ಇಡಿಸಿ ವಾಪಸು ಕಳಿಸಿದಳು. ಬಾಗಿನ ವಾಪಸು ಹೋದ ಸುದ್ದಿ ಅದಕ್ಕಿಂತ ಮೊದಲೇ ಊರು ಮುಟ್ಟಿತು. ಅಲ್ಲಿಗೆ ಅಣ್ಣ ತಂಗಿಯ ಮಾತು ನಿಂತಿತು. ಆದರೆ ಹುಸೇನ್ ಸಾಬರು ರಂಗಪ್ಪನ ಜೊತೆ ಓದಿದವರು. ಆ ದಿನ ಕೊಬ್ಬರಿ ಮಾರಲು ಅಜ್ಜಂಪುರಕ್ಕೆ ಬಂದ ರಂಗಪ್ಪ ಸ್ನೇಹಿತನ ಮನೆಗೆ ಬಂದ, ನಡುಮನೆಯಲ್ಲಿ ತಂಗಿಯನ್ನು ಕಂಡ, "ಆಂಟೆನಾ ನೋಡ್ತೀನಿ" ಎಂದು ನೆಪ ಹೇಳಿ ಮಾಳಿಗೆ ಹತ್ತಿಬಿಟ್ಟ.

ಸಿನಿಮಾದಲ್ಲಿ ಬಾಗಿಲು ಬಡಿಯುವ ಸದ್ದಾಯಿತು. ತಾಯಿ ಎದ್ದಳು. ಸರಿಯಾಗಿ ಆಗಲೇ ಚಿತ್ರ ಹೋಗಿ ಪರದೆ ತುಂಬ ಇರುವೆ ಮುತ್ತಿದವು.

"ಬಂತಾ?" ಮೇಲಿನಿಂದ ರಂಗಪ್ಪ ಕೂಗಿದ.

"ಇಲ್ಲಾ! ಆ ಕಡೀಕೆ!"

"ಈಗ ಬಂತಾ?"

"ಬಂತು... ಅಯ್ಯೋ, ಹೋಯ್ತು!"

ಚಿತ್ರ ಬರಲೇ ಇಲ್ಲ, ಬರಿ ಸದ್ದು. ಬಾಗಿಲು ಕಿರ್ರೆಂದಿತು, ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಪಾತ್ರೆ ಸದ್ದಾಯಿತು. ಇಡೀ ನಡುಮನೆ ಸಾಬರ ಬಾಯಿ ನೋಡಿತು. ಸಾಬರು ಮೇಲೊಮ್ಮೆ ನೋಡಿ, ಮೀನಾಕ್ಷಮ್ಮನ ಕಡೆಗೊಮ್ಮೆ ನೋಡಿ, ಹೇಳಿದರು. "ದೊಡ್ಡ ಮಗ ಬಂದ್ಬಿಟ್ಟ. ತಂಗಿನೇ ಹೋಗಿ ಬಾಗ್ಲು ತೆಗೆದ್ಲು. ಒಂದು ಮಾತೂ ಬೈಲಿಲ್ಲ. ಬಾ, ಊಟ ಆರ್ತದೆ ಅಂದ್ಲು."

ಮೀನಾಕ್ಷಮ್ಮ ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ ಅಂಗಳಕ್ಕೆ ಬಂದಳು. ಡಿಸೆಂಬರಿನ ಗಾಳಿಯಲ್ಲಿ ರಂಗಪ್ಪ ಆಂಟೆನಾದ ಕೋಲು ಹಿಡಿದು ನಡುಗುತ್ತ ನಿಂತಿದ್ದ. "ಅಣ್ಣಾ, ಇಳಿದು ಬಾ. ಊಟ ಆರ್ತದೆ" ಎಂದಳು. ಅವನು ಇಳಿದ. ಮುಂದಿನ ಗೌರಿಗೆ ಮೊರವನ್ನು ತಲೆ ಮೇಲೆ ಹೊತ್ತುಕೊಂಡೇ ಬಂದ.

ಆ ಮಾತು ಅಂದಿನಿಂದ ಮನೆಯ ಮಾತಾಯಿತು. ಮಕ್ಕಳು ಕಿತ್ತಾಡಿ ಮೂಲೆಗೊಬ್ಬರು ಕೂತರೆ ಮೀನಾಕ್ಷಮ್ಮ ಆ ಸಿನಿಮಾ ಕತೆ ಹೇಳಿ, "ಬಾ, ಊಟ ಆರ್ತದೆ" ಎಂದು ಮುಗಿಸುತ್ತಿದ್ದಳು. "ಅವನು ನೋಡೋಕೆ ಹೆಂಗಿದ್ದಮ್ಮ?" ಎಂದು ಹೊನ್ನೇಶ ಕೇಳುತ್ತಿದ್ದ. ಅದೊಂದು ಗೊತ್ತಿರಲಿಲ್ಲ.

ಅಂಥ ಕತೆ ಕೇಳಿ ಬೆಳೆದ ಮಕ್ಕಳೇ ಈಗ ಮಾತು ಬಿಟ್ಟು ಎರಡು ವರ್ಷ. ತರೀಕೆರೆಯಲ್ಲಿ ಪೇಂಟ್ ಅಂಗಡಿ ಇಟ್ಟ ಹೊನ್ನೇಶ ಹೊಸ ಮನೆ ಕಟ್ಟಿದ. ಗೃಹಪ್ರವೇಶಕ್ಕೆ ಕಡೂರಿನಲ್ಲಿ ಟೀಚರಾಗಿರುವ ಅಕ್ಕನಿಗೆ ವಾಟ್ಸಾಪಿನಲ್ಲಿ ಕಾರ್ಡು ಹಾಕಿದ. ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಲಿಲ್ಲ. "ಊರಿಗೆಲ್ಲ ಹಾಕಿದ ಕಾರ್ಡೇ ನನಗೂನಾ? ಹಾಲುಕ್ಕಿಸಬೇಕಾದವಳು ನಾನು!" ಎಂದು ಬೃಂದಾ ಬರಲಿಲ್ಲ. "ತಮ್ಮನ ಮನೆಗೆ ಬರೋಕೆ ಕುಂಕುಮ ಬೇಕಾ ಇವಳಿಗೆ?" ಎಂದು ಇವನು ಸೆಟೆದುಕೊಂಡ. ಮಗನ ಜೊತೆ ಆ ಹೊಸ ಮನೆಯಲ್ಲೇ ಇರುವ ಮೀನಾಕ್ಷಮ್ಮನಿಗೆ ಹಬ್ಬ ಬಂತೆಂದರೆ ಸಂಕಟ. ಮಗಳು ಇಲ್ಲಿ ಕಾಲಿಡಳು, ಮಗ ಅಲ್ಲಿಗೆ ಹೋಗ. ತಾನು ಕಣ್ಣು ಮುಚ್ಚುವುದರೊಳಗೆ ಮಗಳು ಈ ಹೊಸಿಲು ದಾಟಬೇಕು ಎಂಬುದೊಂದೇ ಆಸೆ. ಬುದ್ಧಿ ಹೇಳಿ ಸಾಕಾಗಿತ್ತು. ಆ ಸಿನಿಮಾ ತೋರಿಸಿದರೆ? ತನ್ನಂಥ ಹಟಮಾರಿಯನ್ನೇ ಬಗ್ಗಿಸಿದ ಸಿನಿಮಾ ಅದು.

ಹೆಸರು ಗೊತ್ತಿಲ್ಲದ ಸಿನಿಮಾವನ್ನು ಹುಡುಕುವ ಪಾಡು ಮೊಮ್ಮಗಳು, ಹೊನ್ನೇಶನ ಮಗಳು ಭವ್ಯಳದಾಯಿತು. ಕಾಲೇಜಿಂದ ಬಂದವಳೇ ಫೋನಿನಲ್ಲಿ ಒಂದೊಂದೇ ಹಳೆಯ ಕ್ರಿಸ್‌ಮಸ್ ಸಿನಿಮಾ ತೋರಿಸುವಳು. "ಇದಲ್ಲ ಕಣೇ, ಮೆಟ್ಟಿಲು ಬಲಗಡೆ ಇತ್ತು." "ಇದೂ ಅಲ್ಲ, ಆ ಯಮ್ಮ ಇಷ್ಟು ದಪ್ಪ ಇರ್ಲಿಲ್ಲ." ಕೊನೆಗೊಂದು ದಿನ ಮೆಟ್ಟಿಲ ಕೆಳಗೆ ಮಲಗಿದ ಮುದಿ ನಾಯಿಯನ್ನು ಕಂಡು ಮೀನಾಕ್ಷಮ್ಮ ಫೋನನ್ನೇ ಕಸಿದುಕೊಂಡಳು. "ಇದೇ! ನಿಲ್ಸು, ನಿಲ್ಸು. ಮುಂದಕ್ಕೆ ಓಡಿಸಬ್ಯಾಡ. ಎಲ್ಲರೂ ಕೂತೇ ನೋಡಾಣ."

ಎಲ್ಲಿ ಕೂರುವುದು? ಅದಕ್ಕೂ ಆಕೆಯ ಹತ್ತಿರ ಉಪಾಯವಿತ್ತು. ಅಜ್ಜಂಪುರದ ಅದೇ ನಡುಮನೆ. ಹುಸೇನ್ ಸಾಬರು ತೀರಿಕೊಂಡಿದ್ದರು. ಅವರ ಹೆಂಡತಿ ಸರ್ವರ್ ಬೇಗಂ ಇದ್ದರು, ಗೋಡೆ ತುಂಬ ಹೊಸ ಟೀವಿ ಇತ್ತು. ಕ್ರಿಸ್‌ಮಸ್ ರಜೆಗೆ ಬಾ ಎಂದು ಮಗಳಿಗೂ ಹೇಳಿದಳು, ಮಗನಿಗೂ ಹೇಳಿದಳು, ಇನ್ನೊಬ್ಬರೂ ಬರುತ್ತಾರೆಂದು ಇಬ್ಬರಿಗೂ ಹೇಳಲಿಲ್ಲ. ಹೊರಡುವಾಗ ಬ್ಯಾಗಿಗೆ ಕುಂಕುಮದ ಭರಣಿ ಹಾಕಿಕೊಂಡಳು. ಹೊನ್ನೇಶ ಕಾರಿನ ಬಾಗಿಲು ತೆಗೆಯುತ್ತ ಅದನ್ನು ನೋಡಿದ.

"ಸಾಬ್ರ ಮನೆಗೆ ಭರಣಿ ಯಾಕಮ್ಮ?"

"ಸುಮ್ನೆ ಇರ್ಲಿ" ಎಂದಳು.

ಸಾಬರ ನಡುಮನೆಯಲ್ಲಿ ಆಗಲೇ ಕೂತಿದ್ದ ಬೃಂದಾಳನ್ನು ಕಂಡು ಹೊನ್ನೇಶನ ಮುಖ ಬಿಗಿಯಿತು. ಅವನನ್ನು ಕಂಡು ಅವಳು ಬ್ಯಾಗು ಹೆಗಲಿಗೇರಿಸಿ ಎದ್ದುಬಿಟ್ಟಳು. ಸರ್ವರ್ ಬೇಗಂ ಕೈ ಹಿಡಿದು, "ಬಿರಿಯಾನಿ ದಮ್ಮಿಗೆ ಇಟ್ಟಿವ್ನಿ, ಉಣ್ಣದೆ ಹೋದ್ರೆ ನಾನು ಮಾತಾಡ್ಸಲ್ಲ ಕಣವ್ವ" ಎಂದು ಕೂರಿಸಿದರು. ಅವಳು ಒಂದು ಗೋಡೆಗೆ, ಇವನು ಎದುರು ಗೋಡೆಗೆ. ನಡುವೆ ಅಜ್ಜಿ, ಮೊಮ್ಮಗಳು. ರಂಗಪ್ಪನೂ ಬಂದಿದ್ದ. ಮೊನ್ನೆಯಷ್ಟೆ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು, ಇನ್ನೊಂದು ಕಣ್ಣು ಮೊದಲೇ ಮಂಜು. ಟೀವಿ ಕಡೆ ತಿರುಗಲೂಬೇಡ ಅಂದಿದ್ದರಂತೆ ಡಾಕ್ಟರು. ಹೊರಗೆ ಜಗಲಿಯ ನೆರಳಲ್ಲಿ ಕೂತ. "ಅವತ್ತೂ ನೋಡ್ಲಿಲ್ಲ, ಇವತ್ತೂ ನೋಡಂಗಿಲ್ಲ. ನನ್ನ ಹಣೇಲಿ ಬರ್ದಿಲ್ಲ ಕಣೇ" ಎಂದು ನಕ್ಕ.

ಸಿನಿಮಾ ಶುರುವಾಯಿತು. ಅದಕ್ಕೆ ಬಣ್ಣವಿತ್ತು! ಬಾಗಿಲು ಕೆಂಪಗಿತ್ತು, ಮುದುಕಿಯ ಸ್ವೆಟರು ಹಸಿರು. ಮೀನಾಕ್ಷಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಅರ್ಥ ಹೇಳುವ ಕೆಲಸ ಈ ಸಲ ಬೃಂದಾಳದು.

"ಇವನೇ ಅಲ್ವೇನೇ ಫೋಟೋದಲ್ಲಿರೋನು? ತಂಗಿ ಜೊತೆ ಜಗಳ ಆಡಿದ್ದು?"

"ತಂಗಿ ಜೊತೆ ಅಲ್ಲಮ್ಮ. ಅಪ್ಪನ ಜೊತೆ ಅಂತಿದಾರೆ."

ಮೀನಾಕ್ಷಮ್ಮ ಸರ್ವರ್ ಬೇಗಂ ಕಡೆ ನೋಡಿದಳು. ಅವರು ಸೆರಗು ಸರಿಮಾಡಿಕೊಂಡರು.

ಬಾಗಿಲು ಬಡಿದ ಸದ್ದು ಬಂತು. ತಾಯಿ ಎದ್ದಳು. ಮೀನಾಕ್ಷಮ್ಮ ಮುಂದಕ್ಕೆ ಬಾಗಿದಳು. ಇಷ್ಟು ವರ್ಷ ಕಾದದ್ದು ಇದಕ್ಕೇ. ಕೆಂಪು ಬಾಗಿಲು ಕಿರ್ರೆಂದು ತೆರೆಯಿತು. ಹೊರಗೆ ನಿಂತಿದ್ದವನು ಬೊಕ್ಕತಲೆಯ ಒಬ್ಬ ಮುದುಕ, ಕೈಯಲ್ಲಿ ಒಂದು ಪಾತ್ರೆ.

"ಇವನಾ ದೊಡ್ಡ ಮಗ?"

"ಅಲ್ಲಮ್ಮ, ಪಕ್ಕದ ಮನೆಯವನು. ಇಸ್ಕೊಂಡು ಹೋಗಿದ್ದ ಪಾತ್ರೆ ವಾಪಸ್ ಕೊಡೋಕೆ ಬಂದಿದಾನೆ. ಅದಕ್ಕೇ ನಗ್ತಿದಾರೆ."

"ಮತ್ತೆ ಅವನು?"

ಬೃಂದಾ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಪರದೆಯ ಮೇಲೆ ಎಲ್ಲರೂ ಊಟಕ್ಕೆ ಕೂತರು, ಬರಿದಾದ ತಟ್ಟೆ ಹಾಗೆಯೇ ಇತ್ತು, ಕಿಟಕಿಯಾಚೆ ಹಿಮ ಬೀಳುತ್ತಿತ್ತು. "ಅವನು ಬರೋದೇ ಇಲ್ಲಮ್ಮ" ಎಂದಳು ಮೆಲ್ಲಗೆ. ಹೆಸರುಗಳು ಬರತೊಡಗಿದವು.

ಮೀನಾಕ್ಷಮ್ಮ ಸರ್ವರ್ ಬೇಗಂ ಕಡೆ ತಿರುಗಿದಳು. "ಸಾಬ್ರು ಹಂಗಂದಿದ್ರಲ್ಲ ಸರ್ವರಮ್ಮ? ಬಂದ, ಊಟ ಆರ್ತದೆ ಅಂದ್ಲು ಅಂತ?"

"ಅವ್ರಿಗೆಲ್ಲಿ ಬತ್ತಿತ್ತು ಇಂಗ್ಲಿಷು?" ಸರ್ವರ್ ಬೇಗಂ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಅಂದರು. "ಎಸ್ಟೇಟಲ್ಲಿ ದೊರೆ ಕುದ್ರೆ ತೊಳೀತಿದ್ರು ಅಷ್ಟೆ. ಯಾಕೆ ಹಂಗಂದ್ರಿ ಅಂತ ನಾನೂ ಕೇಳ್ದೆ. ಮೇಲೊಬ್ಬ ಚಳೀಲಿ ನಿಂತವ್ನೆ, ಕೆಳಗೊಬ್ಬಳು ಬಿಗ್ಕೊಂಡು ಕುಂತವ್ಳೆ, ನಾನಿನ್ನೇನು ಹೇಳ್ಲಿ ಬೇಗಂ, ಅಂದ್ರು."

ಹೊನ್ನೇಶ ಕಾರಿನ ಕೀ ಕೈಗೆ ತೆಗೆದುಕೊಂಡ. ಬೃಂದಾ ಬ್ಯಾಗಿನ ಜಿಪ್ಪು ಎಳೆದಳು. ಎಲ್ಲ ಕೆಟ್ಟಿತು ಅಂದುಕೊಂಡಳು ಮೀನಾಕ್ಷಮ್ಮ, ತಾನೇ ಕರೆತಂದು ತಾನೇ ಕೆಡಿಸಿದೆ.

ಅಷ್ಟರಲ್ಲಿ ಜಗಲಿಯಿಂದ ಕೂಗು ಬಂತು, ಹಿಂದೆ ತಾರಸಿಯಿಂದ ಬಂದ ಹಾಗೆಯೇ. "ಲೇ ಮೀನಾ, ಬಂದನೇನೇ?"

ಬೃಂದಾಳ ಕೈ ಜಿಪ್ಪಿನ ಮೇಲೇ ನಿಂತಿತು.

"ಏನ್ರೋ, ಕಿವುಡಾದ್ರಾ? ದೊಡ್ಡ ಮಗ ಬಂದನಾ?"

ಮೀನಾಕ್ಷಮ್ಮ ಜಗಲಿಯ ಕಡೆ ನೋಡಿದಳು. ಅಣ್ಣನಿಗೆ ಏನೆಂದು ಹೇಳುವುದು? ನಿನ್ನನ್ನು ಮಾಳಿಗೆಯಿಂದ ಇಳಿಸಿದ ಮಾತು ಯಾರೂ ಆಡಿಯೇ ಇರಲಿಲ್ಲ ಅಂತಲೇ?

ಹೊನ್ನೇಶ ಅಮ್ಮನ ಮುಖ ನೋಡಿದ. "ಬಂದ ಮಾವ" ಎಂದ ಗಟ್ಟಿಯಾಗಿ.

"ಬಂದನಾ! ಹೆಂಗವ್ನೋ ನೋಡಕ್ಕೆ?"

ಹೊನ್ನೇಶ ಸಿಕ್ಕಿಬಿದ್ದ. ಅಂಗಡಿಯಲ್ಲಿ ನೂರು ಬಣ್ಣಕ್ಕೆ ನೂರು ಮಾತು ಹೇಳುವವನಿಗೆ ಒಂದು ಮುಖ ಹೇಳಲು ಬರಲಿಲ್ಲ. "ಅಂದ್ರೆ... ಎತ್ತರಕ್ಕೆ ಅವ್ನೆ... ಕೋಟು ಹಾಕ್ಕಂಡು..." ಎಂದು ತಡವರಿಸಿದ.

ಎದುರು ಗೋಡೆಯ ಕಡೆಯಿಂದ ಬೃಂದಾ, ಅವನನ್ನು ನೋಡದೆಯೇ ಅಂದಳು. "ಮೂತಿ ಊದಿಸ್ಕೊಂಡೇ ಬಂದ, ಆದ್ರೂ ಬಂದ ಅಂತ ಹೇಳೋ ಮಾವಂಗೆ."

ಎರಡು ವರ್ಷದ ಮೇಲೆ ಅಕ್ಕ ತಮ್ಮನಿಗೆ ಆಡಿದ ಮೊದಲ ಮಾತು ಅದು. ಭವ್ಯ ನಗು ತಡೆಯಲಾರದೆ ಅಜ್ಜಿಯ ಹೆಗಲಿಗೆ ಮುಖ ಒತ್ತಿದಳು. ಹೊನ್ನೇಶ ಕೀಯನ್ನು ಜೇಬಿಗೆ ಹಾಕಿ ಮಗಳ ಕಡೆ ತಿರುಗಿದ.

"ಭವ್ಯಾ, ಅಜ್ಜಿ ಬ್ಯಾಗಲ್ಲಿ ಭರಣಿ ಅದೆ. ಅತ್ತೆಗೆ ಕುಂಕುಮ ಕೊಟ್ಟು ಮನೆಗೆ ಕರಿ."

ಭವ್ಯ ಭರಣಿ ತೆರೆದು ಹಿಡಿದಳು. ಬೃಂದಾ ಬೆರಳು ಅದ್ದಿ ಹಣೆಗಿಟ್ಟುಕೊಂಡಳು. ಕಣ್ಣು ತುಂಬಿದ್ದವು, ಮಾತು ಮಾತ್ರ ಟೀಚರದ್ದೇ. "ಇವಳು ಕರೆದ್ಲು. ಮನೆ ಕಟ್ಟಿದೋನಿಗೆ ಬಾಯಿಲ್ವಾ?"

ಹೊನ್ನೇಶ ಎದ್ದು ಅವಳ ಮುಂದೆ ಬಂದು ನಿಂತ. "ಬಾ ಅಕ್ಕ" ಎಂದ. ಇನ್ನೇನು ಹೇಳಬೇಕೋ ತೋಚದೆ, ಚಿಕ್ಕಂದಿನಿಂದ ಕೇಳಿದ್ದನ್ನೇ ಹೇಳಿದ. "ಊಟ ಆರ್ತದೆ."

"ಯಾರೋ ಊಟ ಅಂದಂಗಾಯ್ತು?" ಜಗಲಿಯಿಂದ ರಂಗಪ್ಪ ಕೇಳಿದ.

ಸರ್ವರ್ ಬೇಗಂ ಅಡುಗೆಮನೆಗೆ ಓಡಿದರು. ಮೀನಾಕ್ಷಮ್ಮ ಮಾತ್ರ ಕೂತಲ್ಲಿಂದ ಏಳದೆ ಮಗನ ಮುಖವನ್ನೇ ನೋಡುತ್ತಿದ್ದಳು. ಕಿವಿ ಕೆಂಪಾಗಿತ್ತು, ಮೂಗು ಸೋರುತ್ತಿತ್ತು, ನಗುತ್ತಿದ್ದಾನೋ ಅಳುತ್ತಿದ್ದಾನೋ ಹೇಳುವಂತಿರಲಿಲ್ಲ. ಬಂದವನ ಮುಖ ಹೀಗಿರುತ್ತದೆ ಎಂದು ಆಕೆಗೆ ಆ ದಿನ ಗೊತ್ತಾಯಿತು.